ಎಷ್ಟು ಹಿಟ್ಟು ಕಲಸಲಿ

ರಾತ್ರಿ ಎಂಟಕ್ಕೆಲ್ಲ ತೀರ್ಮಾನವಾಗಬೇಕು.
ಮಾಪುಟ್ಸ್ವೆಯ ಜುಲೈ ಚಳಿಗೆ
ಹಿಟ್ಟು ಉಬ್ಬಲು ಇಡೀ ಇರುಳು ಬೇಕು,
ಮೇಲೊಂದು ಕಂಬಳಿ ಬೇಕು.
ಮನೆಯಲ್ಲಿರುವ ದಪ್ಪ ಕಂಬಳಿ ಒಂದೇ.
ಹಾಗಾಗಿ ಬಕೆಟ್ಟು ನನಗೂ ಮೊಮ್ಮಗನಿಗೂ ನಡುವೆ
ಮೂರನೆಯವರ ಹಾಗೆ ಮಲಗುತ್ತದೆ.
ಸರಿರಾತ್ರಿ ಮುಚ್ಚಳ ತಾನಾಗಿ ಏಳುತ್ತದೆ,
ಹುಡುಗ ನಿದ್ದೆಗಣ್ಣಲ್ಲೇ ಒತ್ತಿ ಕೂರಿಸುತ್ತಾನೆ.

ಆದರೆ ಎಷ್ಟು ಕಲಸಲಿ?

ಹೋದ ವರ್ಷ ಈ ಪ್ರಶ್ನೆಯೇ ಇರಲಿಲ್ಲ.
ಹತ್ತು ಡಬ್ಬಿ, ಕಣ್ಣು ಮುಚ್ಚಿ.
ಬೆಳಗಿನ ಆರಕ್ಕೆ ಜೀನ್ಸ್ ಕಾರ್ಖಾನೆಯ ಗೇಟಿನೆದುರು
ಕಾದ ಎಣ್ಣೆಯಲ್ಲಿ ಮಕ್ವೆನ್ಯಾ ಹೊರಳುತ್ತಿದ್ದವು
ಗುಂಡಗೆ, ಕೆಂಪಗೆ, ಮಗುವಿನ ಮುಷ್ಟಿಯಷ್ಟು.
ಸೈರನ್ ಕೂಗುವುದರೊಳಗೆ ಮುನ್ನೂರು ಖಾಲಿ.
"ಮಾಸೆಚಾಬಾ, ಇವತ್ತು ಉಪ್ಪು ಜಾಸ್ತಿ" ಅಂತ ಗೊಣಗಿ
ಇನ್ನೊಂದಕ್ಕೆ ಕೈ ಚಾಚುತ್ತಿದ್ದರು ಹುಡುಗಿಯರು.

ಆಮೇಲೆ ರೇಡಿಯೋದಲ್ಲಿ ಬಂತು: ಸುಂಕ.
ನಮ್ಮ ಊರಿನ ಹೆಸರು ಹೇಳಲು ಬಾರದ ಯಾರೋ
ನಮ್ಮ ಪ್ಯಾಂಟಿನ ಮೇಲೆ ನೂರಕ್ಕೆ ಇಷ್ಟು ಎಂದರಂತೆ.
ನಕ್ಕುಬಿಟ್ಟೆ. ನಾನು ಪ್ಯಾಂಟು ಹೊಲಿಯುವವಳಲ್ಲ.
ನನ್ನ ಉಂಡೆ ಹಡಗು ಹತ್ತುವುದಿಲ್ಲ.
ಮೊಹೊಕಾರೆ ಹೊಳೆ ದಾಟಿ
ಆಚೆ ದಡದಿಂದ ಹಿಟ್ಟು ತರುವುದೇ ನನ್ನ ಪರದೇಶ.

ಮೊದಲ ವಾರ ಏನೂ ಆಗಲಿಲ್ಲ.
ಎರಡು ಕೊಳ್ಳುವವರು ಒಂದು ಕೊಂಡರು, ಅಷ್ಟೆ.
ಆಮೇಲೆ ಒಂದನ್ನೇ ಇಬ್ಬರು ಹರಿದುಕೊಂಡರು.
ರೇಡಿಯೋಗಿಂತ ಮೊದಲೇ ನನಗೆ ಗೊತ್ತಾಯಿತು,
ಮೂರನೆಯ ಸಾಲಿನ ಯಂತ್ರಗಳು ನಿಂತವೆಂದು.

ಆ ಸಾಲಿನವಳು ನ್ಯಾಕಾಲ್ಲೊ.
ಒಂಬತ್ತು ವರ್ಷ ಅವಳು ಹೊಲಿದದ್ದು ಒಂದೇ:
ಜೇಬಿನೊಳಗಿನ ಆ ಪುಟಾಣಿ ಜೇಬು.
ದಿನಕ್ಕೆ ಒಂಬೈನೂರು.
"ಅದರಲ್ಲಿ ಯಾರಾದರೂ ಚಿಲ್ಲರೆ ಇಡುತ್ತಾರೇನೇ?"
"ನನಗೇನು ಗೊತ್ತು, ನಾನು ಲಂಗ ಹಾಕುವವಳು."
ಈಗ ನನ್ನ ಲೆಕ್ಕದ ಪುಸ್ತಕದಲ್ಲಿ
ಅವಳ ಹೆಸರಿನ ಮುಂದೆ ಅರವತ್ತೆರಡು ಉಂಡೆ.
ಕೊಡು ಎನ್ನಲಾರೆ. ಅವಳ ಬಾಡಿಗೆ ಬಾಕಿ.
ಬಾಡಿಗೆ ಬಾರದ ಮನೆಯೊಡತಿ
ಮಣ್ಣಿನ ಖರ್ಚಿನ ಚೀಟಿಗೆ ಹಣ ಕಟ್ಟಿಲ್ಲ.
ಆ ಚೀಟಿಯ ಲೆಕ್ಕ ಬರೆಯುವವಳು ನಾನೇ.
ಈ ತಿಂಗಳು ಯಾರೂ ಸಾಯಬೇಡಿ ಅಂತ
ಭಾನುವಾರ ತಮಾಷೆ ಮಾಡಿದೆ.
ಯಾರೂ ನಗಲಿಲ್ಲ.

ಸುಂಕದವನ ಮುಂದೆ ಸುಖದುಃಖ ಹೇಳಿ ಫಲವಿಲ್ಲ, ನಿಜ.
ಆದರೆ ಹೇಳಲಿಕ್ಕಾದರೂ ಅವನಿಗೊಂದು ಮುಂದು ಬೇಡವೇ?
ಒಂದು ಕಟ್ಟೆ, ಒಂದು ಮುಖ?
ಸೇತುವೆಯ ಸುಂಕದ ಮೊಲೆಫಿ ನನಗೆ ಗೊತ್ತು.
ಬಿಸಿಬಿಸಿ ಎರಡು ಕೈಗಿಟ್ಟರೆ
ಚೀಲ ತೂಗುವುದನ್ನೇ ಮರೆಯುತ್ತಾನೆ.

ಇವತ್ತು ಸಂಜೆಯ ಗಾಳಿಮಾತು:
ಸುಂಕಕ್ಕೆ ಕೆಲವು ದಿನ ತಡೆ. ಅಷ್ಟರೊಳಗೆ
ಹಡಗು ತುಂಬುವಷ್ಟು ಹೊಲಿಯಬೇಕಂತೆ,
ಬೆಳಿಗ್ಗೆ ಎಲ್ಲರೂ ಬರಬೇಕಂತೆ.
ಅದರ ಬೆನ್ನಿಗೇ ಇನ್ನೊಂದು:
ಕರೆದಿರುವುದು ಹೊಲಿಯಲಿಕ್ಕಲ್ಲ,
ಯಂತ್ರಗಳನ್ನು ಲಾರಿಗೆ ಹೇರಲಿಕ್ಕೆ.
ಎರಡನ್ನೂ ಹೇಳಿದ್ದು ಒಬ್ಬನೇ ಕಾವಲುಗಾರ.

ಹತ್ತು ಡಬ್ಬಿ ಕಲಸಿ ಯಾರೂ ಬಾರದಿದ್ದರೆ
ಮಧ್ಯಾಹ್ನಕ್ಕೆ ಹುಳಿಹಿಟ್ಟು, ಕಡ ತಂದ ಎಣ್ಣೆ.
ಎರಡೇ ಕಲಸಿ ಎಲ್ಲರೂ ಬಂದರೆ
ಬರಿಹೊಟ್ಟೆಯಲ್ಲಿ ಒಳಹೋಗುವವರ ಬೆನ್ನು ನೋಡಬೇಕು.
ದೊಡ್ಡ ಪೇಟೆಗಳಲ್ಲಿ, ನಾಳೆ ಏನಾಗುತ್ತದೆಂದು
ಊಹಿಸುವವರಿಗೆ ಸಂಬಳವಿದೆಯಂತೆ.
ಊಹೆ ತಪ್ಪಿದರೆ ಅವರ ಮನೆಯಲ್ಲಿ
ಏನು ಹುಳಿಯಾಗುತ್ತದೋ.

"ನಾಲ್ಕಾ, ಅಜ್ಜಿ?"
ಹುಡುಗ ಡಬ್ಬಿ ಹಿಡಿದು ನಿಂತಿದ್ದಾನೆ.
ನಾಲ್ಕು ಎಂದೆ. ಸುರಿದ.
ಉಗುರುಬೆಚ್ಚಗಿನ ನೀರು, ಮಣಿಕಟ್ಟಿನವರೆಗೂ ಹಿಟ್ಟು.
ಅಂಗಳದಾಚೆ ನ್ಯಾಕಾಲ್ಲೊಳ ಕಿಟಕಿಯಲ್ಲಿ
ಇನ್ನೂ ದೀಪ.
ಸೀಮೆಎಣ್ಣೆ ಇಲ್ಲವೆಂದು ಏಳಕ್ಕೇ ಮಲಗುವವಳು
ಒಲೆಯ ಮೇಲೆ ಇಸ್ತ್ರಿಪೆಟ್ಟಿಗೆ ಕಾಯಿಸಿಕೊಂಡು
ನೀಲಿ ಏಪ್ರನ್ನಿನ ಸುಕ್ಕು ತೆಗೆಯುತ್ತಿದ್ದಾಳೆ.

ಇನ್ನೊಂದು ಡಬ್ಬಿ ಹಾಕು ಮಗಾ, ಎಂದೆ.
ತಲೆತಟ್ಟು ಬೇಡ.
ಗೋಪುರ ಬರಲಿ.